ಮೈಕ್ರೋಫ್ಲೂಯಿಡಿಕ್ ಚಿಪ್ ಅಂದರೆ ಏನು? ಬೋರ್‌ವೆಲ್ ನೀರಿನ ಫ್ಲೋರೈಡ್ ನೋಡೋಕೆ ಯಾವ ಬಗೆ ಸರಿ ಹೋಗುತ್ತೆ?

ಹನುಮಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷದಲ್ಲಿದ್ದೇನೆ. ಊರು ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಹತ್ತಿರ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದೆ. ನಮ್ಮ ಗೈಡ್, "ಮೈಕ್ರೋಫ್ಲೂಯಿಡಿಕ್ಸ್ ಓದಿಕೊಂಡು ಬಾ, ಆಮೇಲೆ ಮಾತಾಡೋಣ" ಅಂದರು. ಓದೋಕೆ ಕೂತೆ. ಮೊದಲ ಪುಟದಲ್ಲೇ ಸಮೀಕರಣ. ಎರಡನೇ ಪುಟದಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರಗಳ ಫೋಟೋ. ಪುಸ್ತಕ ಮುಚ್ಚಿಟ್ಟೆ.

ನನಗೆ ಬೇಕಾಗಿರೋದು ನಮ್ಮ ಓಣಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಊರಲ್ಲೇ ನಿಂತು ನೋಡೋದು. ನನ್ನ ತಮ್ಮನ ಮುಂದಿನ ಹಲ್ಲುಗಳ ಮೇಲೆ, ಫ್ಲೋರೈಡ್ ಜಾಸ್ತಿಯಾದರೆ ಬರೋ ಅಂಥ ಕಂದು ಗೆರೆಗಳಿವೆ. ಅವನು ಫೋಟೋಗೆ ನಿಂತರೆ ಬಾಯಿ ಮುಚ್ಚಿಕೊಂಡೇ ನಗುತ್ತಾನೆ. ಹೋದ ವರ್ಷ ಒಂದು ಕಚೇರಿಗೆ ಹೋಗಿ ನೀರಿನ ಬಾಟಲಿ ಕೊಟ್ಟು ಬಂದಿದ್ದೆ. ಎರಡು ತಿಂಗಳು ಕಾದು ಮತ್ತೆ ಹೋದೆ. ಬಾಟಲಿ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಮೂರು ಪ್ರಶ್ನೆ. ಈ ಮೈಕ್ರೋಫ್ಲೂಯಿಡಿಕ್ ಚಿಪ್ ಅಂದರೆ ನಿಜಕ್ಕೂ ಏನು? ಅದರಲ್ಲಿ ಎಷ್ಟು ಬಗೆ ಇವೆ? ಧೂಳು ಬರದ ಕ್ಲೀನ್‌ರೂಮ್, ಪಂಪು ಯಾವುದೂ ಇಲ್ಲದ ನನ್ನಂಥವನು ಯಾವುದರಿಂದ ಶುರು ಮಾಡಬೇಕು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಸಿಂಧನೂರು ಲ್ಯಾಬ್

ತಮ್ಮಾ, ನಾನು ಲ್ಯಾಬ್ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ರಕ್ತ, ಕಫ ನೋಡೋದೇ ಕೆಲಸ. ಥಿಯರಿ ಹೇಳೋಕೆ ಬೇರೆಯವರು ಬರುತ್ತಾರೆ. ನಾನು ಒಂದು ಕೆಲಸ ಹೇಳ್ತೀನಿ, ಮಾಡಿ ನೋಡು.

ಮೆಡಿಕಲ್ ಶಾಪ್‌ನಲ್ಲಿ ಅವಧಿ ಮುಗಿದ ಶುಗರ್ ಟೆಸ್ಟ್ ಪಟ್ಟಿ ಇದ್ದರೆ ಒಂದೆರಡು ಕೇಳಿ ತಗೋ. ಬಳಸಿದ್ದು ಬೇಡ, ಹೊಸದೇ ಇರಲಿ. ತುದಿಯಲ್ಲಿ ಒಂದು ತೆಳುವಾದ ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ. ಹೊಸ ಬ್ಲೇಡಿನಿಂದ ಅದನ್ನು ಮೆಲ್ಲಗೆ ಎಬ್ಬಿಸು. ಕೆಳಗೆ ಒಂದು ಸಣ್ಣ ಕಾಲುವೆ ಕಾಣುತ್ತೆ. ಅಗಲ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಆಳ ಅಂತೂ ಒಂದು ದಪ್ಪ ಕಾಗದದಷ್ಟೇ. ಕಾಲುವೆಯ ಒಳತುದಿಯಲ್ಲಿ ಗಾಳಿ ಹೊರಗೆ ಹೋಗೋಕೆ ಒಂದು ಕಿಂಡಿ ಇರುತ್ತೆ. ಆ ಕಿಂಡಿ ಇಲ್ಲದಿದ್ದರೆ ರಕ್ತ ಒಳಗೇ ಹೋಗೋದಿಲ್ಲ. ಕಾಲುವೆಯ ತಳದಲ್ಲಿ ಎಲೆಕ್ಟ್ರೋಡ್‌ಗಳು, ಅವುಗಳ ಮೇಲೆ ಒಣಗಿಸಿಟ್ಟ ಎಂಜೈಮ್. ರಕ್ತ ತಾನಾಗೇ ಒಳಗೆ ಎಳೆದುಕೊಳ್ಳುತ್ತೆ, ಎಂಜೈಮ್ ಗ್ಲೂಕೋಸನ್ನು ಹಿಡಿಯುತ್ತೆ, ಹುಟ್ಟಿದ ಕರೆಂಟನ್ನು ಮೀಟರ್ ಅಳೆಯುತ್ತೆ. ಬೇಕಾಗೋ ರಕ್ತ ಅರ್ಧದಿಂದ ಒಂದು ಮೈಕ್ರೋಲೀಟರ್ (ಮಿಲಿಲೀಟರಿನ ಸಾವಿರದ ಒಂದು ಪಾಲು).

ಇದೇ ನೀನು ಕೇಳಿದ ಸಾಮಾನು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೋ ಅಜ್ಜ ಅಜ್ಜಿಯರ ಬೆರಳಿಗೆ ನಾನು ಹಿಡಿಯೋದು ಇದನ್ನೇ. ಟಿಬಿಗೆ ಬಳಸೋ ಟ್ರೂನ್ಯಾಟ್ ಕೂಡ ಚಿಪ್ ಮೇಲೆ ನಡೆಯೋ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್ಎ ನಕಲು ಮಾಡಿ ಹೆಚ್ಚಿಸಿ ಪತ್ತೆ ಹಚ್ಚೋ ಪರೀಕ್ಷೆ. ಗೋವಾದ ಮೋಲ್ಬಿಯೋ ಕಂಪನಿಯದು, ಅದರ ಹಿಂದಿನ ಸಂಶೋಧನೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಟಿಬಿ ಪತ್ತೆಗೆ ಒಪ್ಪಿತು. ಚಿಪ್ ಕೈಯಲ್ಲಿ ಹಿಡಿದರೆ ನಡುವೆ ಒಂದು ಸಣ್ಣ ಗುಳಿ ಕಾಣುತ್ತೆ, ಅಷ್ಟೇ. ಅದರಲ್ಲಿ ಕೆಲವೇ ಮೈಕ್ರೋಲೀಟರ್ ಹಾಕ್ತೀವಿ. ಇಂಥದ್ದು ನಮ್ಮ ನಾಡಲ್ಲೇ ಆಗಿದೆ, ಧೈರ್ಯ ಮಾಡು.

ಭಾಗ್ಯನಗರದವಳು

ಈ ಪ್ರಶ್ನೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಕೊಪ್ಪಳದ ಪಕ್ಕದ ಭಾಗ್ಯನಗರದವಳು. ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಂಥ ಚಿಪ್‌ಗಳನ್ನೇ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕೂತು ಓದಿ.

ನಮ್ಮೂರಲ್ಲಿ ಕೂದಲಿನ ವ್ಯಾಪಾರ ಜಾಸ್ತಿ, ನಿಮಗೆ ಗೊತ್ತೇ ಇದೆ. ಓಣಿ ಓಣಿ ತಿರುಗಿ ಪಾತ್ರೆ, ಪಿನ್ನು ಕೊಟ್ಟು ಉದುರಿದ ಕೂದಲು ತರುತ್ತಾರೆ. ನಮ್ಮವ್ವ ಆ ಗಂಟು ಕೂದಲನ್ನು ಬಿಡಿಸಿ, ಉದ್ದದ ಪ್ರಕಾರ ಜೋಡಿಸಿ ಕಟ್ಟು ಕಟ್ಟುತ್ತಿದ್ದಳು. ಶಾಲೆಯಿಂದ ಬಂದ ಮೇಲೆ ನಾನೂ ಕೂರುತ್ತಿದ್ದೆ. ಒಂದೇ ಒಂದು ಕೂದಲನ್ನು ಬೆರಳ ನಡುವೆ ಉಜ್ಜಿ, ಇದು ದಪ್ಪ, ಇದು ಸಣ್ಣ ಅಂತ ಅವ್ವ ಹೇಳುತ್ತಿದ್ದಳು. ಆ ಒಂದು ಕೂದಲಿನ ದಪ್ಪ ಸುಮಾರು 70ರಿಂದ 100 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ನಮ್ಮ ಚಿಪ್‌ಗಳಲ್ಲಿನ ಕಾಲುವೆಗಳ ಅಗಲವೂ ಹೆಚ್ಚೂ ಕಡಿಮೆ ಅಷ್ಟೇ. ಕೆಲವು ಅದಕ್ಕಿಂತ ಸಣ್ಣ, ಕೆಲವು ಐದು ಹತ್ತು ಪಟ್ಟು ದೊಡ್ಡ. ಕೂದಲಿನಷ್ಟು ಸಣ್ಣ ಕಾಲುವೆಗಳಲ್ಲಿ ನೀರು, ರಕ್ತ, ಎಣ್ಣೆ ಹರಿಸಿ ಕೆಲಸ ಮಾಡಿಸೋದೇ ಮೈಕ್ರೋಫ್ಲೂಯಿಡಿಕ್ಸ್.

ಲ್ಯಾಬ್ ಸೇರಿದ ಮೊದಲ ವರ್ಷ ನಡೆದದ್ದು ಹೇಳುತ್ತೇನೆ. ಒಂದು ಚಿಪ್‌ಗೆ ಅಚ್ಚಿನ ಮೇಲೆ ರಬ್ಬರ್ ದ್ರವದ ಎರಕ ಹೊಯ್ದಿದ್ದೆ. ಬಿಡಿಸಿ, ಕೆಂಪು ಬಣ್ಣದ ನೀರು ಬಿಟ್ಟೆ. ನಾನು ಬರೆದಿದ್ದು ಮೂರು ಕಾಲುವೆ. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ನಾಲ್ಕು. ನಾಲ್ಕನೆಯದು ಅಡ್ಡಡ್ಡಕ್ಕೆ, ಬಿಲ್ಲಿನ ಹಾಗೆ ಬಾಗಿ, ಮೂರನ್ನೂ ಒಂದಕ್ಕೊಂದು ಸೇರಿಸಿಬಿಟ್ಟಿತ್ತು. ಅಚ್ಚಿನ ಮೇಲೆ ನನ್ನದೇ ಒಂದು ಕೂದಲು ಬಿದ್ದಿತ್ತು. ರಬ್ಬರ್ ಅದರ ಸುತ್ತ ಗಟ್ಟಿಯಾಗಿ, ಸಿಪ್ಪೆ ಬಿಡಿಸುವಾಗ ಕೂದಲು ಹೊರಗೆ ಬಂದು, ಜಾಗ ಮಾತ್ರ ಉಳಿದಿತ್ತು. ಆ ಚಿಪ್ ಕೆಲಸಕ್ಕೆ ಬರಲಿಲ್ಲ. ಆದರೂ ನಾನು ಎಸೆದಿಲ್ಲ. ಆಮೇಲೆ ಬೇಕಂತಲೇ ಅವ್ವನ ಕಟ್ಟಿನಿಂದ ಒಂದು ಉದ್ದ ಕೂದಲು ತಂದು, ಎಳೆದು ಬಿಗಿಯಾಗಿ ಕಟ್ಟಿ, ಸುತ್ತ ಎರಕ ಹೊಯ್ದು, ಮೆಲ್ಲಗೆ ಎಳೆದು ತೆಗೆದೆ. ಸೊಗಸಾದ ದುಂಡು ಕಾಲುವೆ ಬಂತು. ಅಚ್ಚೇ ಇಲ್ಲದೆ ಕಾಲುವೆ ಮಾಡೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಕಾಲುವೆ ಸಣ್ಣದಾದರೆ ಏನು ಬದಲಾಗುತ್ತೆ? ಮೂರು ಸಂಗತಿ ಮನಸ್ಸಿಗೆ ಇಳಿದರೆ ಉಳಿದದ್ದು ತಾನಾಗಿ ಬರುತ್ತೆ.

ಮೊದಲನೆಯದು ಅಳತೆ. ಡ್ರಾಪರ್‌ನಿಂದ ಬೀಳೋ ಒಂದು ಹನಿ ನೀರು ಸುಮಾರು 50 ಮೈಕ್ರೋಲೀಟರ್. ಎಲ್ಲ ಬದಿಯೂ 100 ಮೈಕ್ರೋಮೀಟರ್ ಇರುವ ಒಂದು ಪುಟ್ಟ ಡಬ್ಬಿಯಲ್ಲಿ ಹಿಡಿಯೋದು ಒಂದು ನ್ಯಾನೋಲೀಟರ್, ಅಂದರೆ ಮೈಕ್ರೋಲೀಟರಿನ ಸಾವಿರದ ಒಂದು ಪಾಲು. ಅಂದರೆ ಆ ಒಂದು ಹನಿಯಿಂದ ಇಂಥ 50 ಸಾವಿರ ಡಬ್ಬಿ ತುಂಬಬಹುದು. ಎಳೆಗೂಸಿನ ಹಿಮ್ಮಡಿ ಚುಚ್ಚಿ ತೆಗೆಯೋ ರಕ್ತದಲ್ಲಿ, ಗ್ರಾಮಿಗೆ ಸಾವಿರಾರು ರೂಪಾಯಿ ಬೀಳೋ ರಾಸಾಯನಿಕದಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ತಿಳಿಯುತ್ತೆ.

ಎರಡನೆಯದು ಹರಿವು. ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ಕಂಡಿದ್ದೀರಲ್ಲಾ? ಗೇಟು ಬಿಟ್ಟ ಜಾಗದಲ್ಲಿ ಸುಳಿ, ನೊರೆ, ಕೆಸರು ಎಲ್ಲ ಕಲಸಿ ಹೋಗುತ್ತೆ. ಚಿಪ್‌ನಲ್ಲಿ ಸುಳಿ ಏಳೋದೇ ಇಲ್ಲ. ನೀರು ಓಡೋ ರಭಸ ಒಂದು ಕಡೆ, ನೀರಿನ ಜಿಗುಟು ಇನ್ನೊಂದು ಕಡೆ. ಇವೆರಡರಲ್ಲಿ ಯಾವುದರ ಕೈ ಮೇಲು ಅಂತ ಹೇಳೋ ಲೆಕ್ಕಕ್ಕೆ ರೆನಾಲ್ಡ್ಸ್ ಸಂಖ್ಯೆ ಅಂತಾರೆ. ಕೊಳವೆಯಲ್ಲಿ ಅದು ಸುಮಾರು 2000 ದಾಟಿದರೆ ಸುಳಿ ಶುರು. 100 ಮೈಕ್ರೋಮೀಟರ್ ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ಓಡೋ ನೀರಿಗೆ ಅದು ಬರೀ 0.1. ಕೆಂಪು ನೀರು, ನೀಲಿ ನೀರು ಒಂದೇ ಕಾಲುವೆಗೆ ಬಿಟ್ಟರೆ ಜಡೆಯ ಎರಡು ಎಳೆಗಳ ಹಾಗೆ ಪಕ್ಕಪಕ್ಕದಲ್ಲೇ ಹೋಗುತ್ತವೆ. ಮೊದಲ ಸಲ ನೋಡಿದಾಗ ನಾನು ಬೆರಳಲ್ಲಿ ಚಿಪ್ ತಟ್ಟಿದೆ, ಈಗಲಾದರೂ ಕಲಸುತ್ತಾವೋ ಅಂತ. ಕಲಸಲಿಲ್ಲ.

ಹಾಗಾದರೆ ಬೆರೆಯೋದು ಹೇಗೆ? ಅಣುಗಳು ತಾವೇ ತೆವಳಿ ಬೆರೆಯಬೇಕು. ಇದು ಮೂರನೆಯದು. ಸಣ್ಣ ಅಣುವೊಂದು ನೀರಿನಲ್ಲಿ 100 ಮೈಕ್ರೋಮೀಟರ್ ಹರಡೋಕೆ ಸುಮಾರು 5 ಸೆಕೆಂಡ್ ಸಾಕು. ಅದೇ ಅಣು ಒಂದು ಸೆಂಟಿಮೀಟರ್ ಹರಡಬೇಕಾದರೆ ಹತ್ತಿರ ಹತ್ತಿರ 14 ತಾಸು. ದೂರ ನೂರು ಪಟ್ಟಾದರೆ ಸಮಯ ಹತ್ತು ಸಾವಿರ ಪಟ್ಟು. ದೊಡ್ಡ ಲೋಟದಲ್ಲಿ ಚಮಚ ಇಲ್ಲದೆ ಆಗದ ಕೆಲಸ ಚಿಪ್‌ನಲ್ಲಿ ಚಮಚ ಇಲ್ಲದೆ ಆಗೋದು ಇದಕ್ಕೇ. ಜಾಸ್ತಿ ಹೊತ್ತು ಬೇಕಾದರೆ ಕಾಲುವೆಯನ್ನು ಹಾವಿನ ಹಾಗೆ ಅಂಕುಡೊಂಕಾಗಿ ಮಾಡಿ ಉದ್ದ ಮಾಡುತ್ತಾರೆ. ಇಲ್ಲಾಂದರೆ ಕಾಲುವೆಯ ತಳದಲ್ಲಿ ಓರೆ ಗೀರುಗಳನ್ನು ಕೊರೆದು ನೀರನ್ನು ಹೊರಳಿಸುತ್ತಾರೆ.

ಇನ್ನು ಬಗೆಗಳು. ಶುರುವಾಗಿದ್ದು ಸಿಲಿಕಾನ್ ಮತ್ತು ಗಾಜಿನಿಂದ. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಟೆರ್ರಿ ಮತ್ತು ಜೊತೆಯವರು ಅಂಗೈಯಲ್ಲಿ ಹಿಡಿಯೋ ಸಿಲಿಕಾನ್ ಬಿಲ್ಲೆಯ ಮೇಲೆ ಒಂದೂವರೆ ಮೀಟರ್ ಉದ್ದದ ಕಾಲುವೆಯನ್ನು ಚಕ್ಕುಲಿಯ ಹಾಗೆ ಸುತ್ತಿ, ಅನಿಲಗಳನ್ನು ಬೇರ್ಪಡಿಸೋ ಯಂತ್ರ ಮಾಡಿದರು. 1990ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿದ್ದ ಆಂಡ್ರಿಯಾಸ್ ಮಾಂಜ್, ಇಡೀ ಪರೀಕ್ಷೆಯನ್ನೇ ಒಂದು ಚಿಪ್‌ಗೆ ಇಳಿಸಬಹುದು ಅಂತ ಬರೆದರು. ಗಾಜು ಒಳ್ಳೆಯದೇ, ಆದರೆ ಕೊರೆಯೋಕೆ ಕಷ್ಟ, ದುಡ್ಡೂ ಜಾಸ್ತಿ. ನಿಮಗೆ ಅದು ಬೇಡ.

ನಾನು ದಿನಾ ಮಾಡೋದು ಪಿಡಿಎಂಎಸ್ ಅನ್ನೋ ಪಾರದರ್ಶಕ ರಬ್ಬರಿನದು. 1998ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಗುಂಪು ಇದರಲ್ಲಿ ಬೇಗನೆ ಚಿಪ್ ಮಾಡೋ ದಾರಿ ತೋರಿಸಿತು, ಅಲ್ಲಿಂದ ಎಲ್ಲರ ಕೈಗೂ ಬಂತು. ಹತ್ತು ಪಾಲು ರಬ್ಬರ್ ದ್ರವಕ್ಕೆ ಒಂದು ಪಾಲು ಗಟ್ಟಿ ಮಾಡೋ ದ್ರವ. ಜೇನಿನಷ್ಟು ಮಂದ. ಚೆನ್ನಾಗಿ ಕಲಸಿದರೆ ಸೋಡಾ ಹಾಗೆ ಗುಳ್ಳೆ ತುಂಬಿಕೊಳ್ಳುತ್ತೆ. ನಿರ್ವಾತದ ಡಬ್ಬಿಯಲ್ಲಿಟ್ಟು ಗುಳ್ಳೆ ಎಲ್ಲ ಮೇಲೆ ಬಂದು ಒಡೆಯೋವರೆಗೂ ಕಾಯಬೇಕು. ಆಮೇಲೆ ಅಚ್ಚಿನ ಮೇಲೆ ಹೊಯ್ದು 70 ಡಿಗ್ರಿಯಲ್ಲಿ ಎರಡು ತಾಸು. ತಾಟಿ ನುಂಗಿನ ಹಾಗೆ ಮೆತ್ತಗೆ, ತಿಳಿಯಾಗಿ ಬಿಟ್ಟು ಬರುತ್ತೆ. ತೂತು ಹಾಕಿ, ಆಮ್ಲಜನಕದ ಪ್ಲಾಸ್ಮಾ (ವಿದ್ಯುತ್ತಿನಿಂದ ಹೊಳೆಯೋ ಅನಿಲ) ತೋರಿಸಿ ಗಾಜಿಗೆ ಒತ್ತಿದರೆ ಮತ್ತೆ ಕೀಳೋಕೆ ಬರದಷ್ಟು ಗಟ್ಟಿಯಾಗಿ ಕೂರುತ್ತೆ. ಈ ರಬ್ಬರ್ ಗಾಳಿಯನ್ನು ಒಳಗೆ ಬಿಡೋದರಿಂದ ಜೀವಕೋಶಗಳು ಅದರಲ್ಲಿ ಬದುಕುತ್ತವೆ. ಆದರೆ ಕೆಲವು ಔಷಧಗಳನ್ನು ತಾನೇ ಹೀರಿಕೊಂಡುಬಿಡುತ್ತೆ. ಅದನ್ನು ಮರೆತು ಅಳೆದರೆ ಲೆಕ್ಕ ತಪ್ಪುತ್ತೆ.

ರಬ್ಬರ್ ಮೆತ್ತಗಿರೋದರಿಂದ ಇನ್ನೊಂದು ಅನುಕೂಲ. 2000ದಲ್ಲಿ ಅಮೆರಿಕದ ವಿಜ್ಞಾನಿ ಸ್ಟೀಫನ್ ಕ್ವೇಕ್ ಗುಂಪು ಒಂದು ಕಾಲುವೆಯ ಮೇಲೆ ಇನ್ನೊಂದು ಕಾಲುವೆ ಅಡ್ಡ ಇಟ್ಟು, ನಡುವೆ ತೆಳು ಪೊರೆ ಬಿಟ್ಟಿತು. ಮೇಲಿನದಕ್ಕೆ ಗಾಳಿ ಊದಿದರೆ ಪೊರೆ ಕೆಳಗೆ ಬಾಗಿ ಕೆಳಗಿನ ನೀರು ನಿಲ್ಲುತ್ತೆ. ಗಾಳಿ ಬಿಟ್ಟರೆ ಹರಿಯುತ್ತೆ. ನಮ್ಮ ಗದ್ದೆಯ ತೂಬಿನ ಕೆಲಸವೇ. ಇಂಥ ಸಾವಿರಾರು ತೂಬುಗಳನ್ನು ಒಂದೇ ಚಿಪ್‌ನಲ್ಲಿ ಕೂರಿಸಿದ್ದಾರೆ.

ಹನಿ ಚಿಪ್ ಇನ್ನೊಂದು ದೊಡ್ಡ ಬಗೆ. ಎಣ್ಣೆ ಹರಿಯೋ ಕಾಲುವೆಗೆ ಪಕ್ಕದಿಂದ ನೀರಿನ ಕಾಲುವೆ ಸೇರಿಸಿದರೆ, ಎಣ್ಣೆ ಆ ನೀರನ್ನು ಕತ್ತರಿಸಿ ಕತ್ತರಿಸಿ ಒಂದೇ ಅಳತೆಯ ಹನಿ ಮಾಡುತ್ತೆ. ಸೆಕೆಂಡಿಗೆ ಸಾವಿರಾರು. ಪ್ರತಿ ಹನಿಯೂ ಒಂದು ಪುಟ್ಟ ಪ್ರನಾಳ. ಡಿಜಿಟಲ್ ಪಿಸಿಆರ್‌ನಲ್ಲಿ ಒಂದು ಮಾದರಿಯನ್ನು ಸುಮಾರು 20 ಸಾವಿರ ಹನಿಗಳಾಗಿ ಒಡೆದು, ಹುಡುಕೋ ಡಿಎನ್ಎ ಇದ್ದು ಎಷ್ಟು ಹನಿ ಬೆಳಗಿದವು, ಎಷ್ಟು ಬೆಳಗಲಿಲ್ಲ ಅಂತ ಎಣಿಸುತ್ತಾರೆ. ಕಾಲುವೆಯೇ ಇಲ್ಲದೆ, ಎಲೆಕ್ಟ್ರೋಡ್‌ಗಳ ಸಾಲಿನ ಮೇಲೆ ವೋಲ್ಟೇಜ್ ಕೊಟ್ಟು ಹನಿಯನ್ನು ಒಂದು ಎಲೆಕ್ಟ್ರೋಡಿನಿಂದ ಪಕ್ಕದ್ದಕ್ಕೆ ನಡೆಸೋ ಚಿಪ್‌ಗಳೂ ಇವೆ.

ಸಿಡಿಯ ಹಾಗೆ ತಿರುಗಿಸೋ ಬಗೆಯಲ್ಲಿ ಪಂಪೇ ಬೇಡ, ತಿರುಗಿದ ರಭಸಕ್ಕೆ ದ್ರವ ನಡುವಿನಿಂದ ಅಂಚಿಗೆ ಹೋಗುತ್ತೆ. ಚಿಕ್ಕವರಿದ್ದಾಗ ಸೋಡಾ ಬಿರಡೆ ತಟ್ಟಿ ಚಪ್ಪಟೆ ಮಾಡಿ, ಎರಡು ತೂತಿಗೆ ದಾರ ಪೋಣಿಸಿ, ಎಳೆದು ಗುಯ್ ಅಂತ ತಿರುಗಿಸುತ್ತಿದ್ದೆವಲ್ಲಾ? ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಮನು ಪ್ರಕಾಶ್ ಅವರ ಗುಂಪು 2017ರಲ್ಲಿ ಅದೇ ಆಟವನ್ನು ಕಾಗದದಲ್ಲಿ ಮಾಡಿ ನಿಮಿಷಕ್ಕೆ 1,25,000 ಸುತ್ತು ತಿರುಗಿಸಿತು. ಒಂದೂವರೆ ನಿಮಿಷದಲ್ಲಿ ರಕ್ತದಿಂದ ಅದರ ತಿಳಿ ದ್ರವ (ಇದಕ್ಕೂ ಪ್ಲಾಸ್ಮಾ ಅಂತಲೇ ಹೆಸರು) ಬೇರೆ ಆಯಿತು. ಕರೆಂಟಿಲ್ಲ, ಬರೀ ಕೈ. ನಾನು ಅದನ್ನು ಓದಿದ ದಿನ ಮನೆಗೆ ಫೋನ್ ಮಾಡಿ ತಮ್ಮನಿಗೆ ಹೇಳಿದ್ದೆ.

ಶ್ವಾಸಕೋಶದಂಥ ಅಂಗಗಳ ಕೆಲಸವನ್ನು ಚಿಪ್‌ನಲ್ಲಿ ನಡೆಸೋದು 2010ರಿಂದ ಜೋರಾಗಿದೆ. ಅದು ಬೇರೆಯದೇ ಲೋಕ, ಇಲ್ಲಿ ಬಿಡುತ್ತೇನೆ.

ನಿಮಗೆ ಬೇಕಾದದ್ದು ಕಾಗದದ ಬಗೆ. ಹಣತೆಯ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುತ್ತಲ್ಲಾ, ಅದೇ ಬಲ. 2007ರಲ್ಲಿ ವೈಟ್‌ಸೈಡ್ಸ್ ಗುಂಪೇ ಇದನ್ನು ಮಾಡಿತು. ಸೋಸುವ ಕಾಗದದ ಮೇಲೆ ನೀರು ದಾಟದ ಗೋಡೆ ಕಟ್ಟಿ, ಮೂತ್ರದಲ್ಲಿನ ಸಕ್ಕರೆ ಮತ್ತು ಪ್ರೋಟೀನು ಎರಡನ್ನೂ ಒಂದೇ ತುಂಡಿನಲ್ಲಿ ಬಣ್ಣದಿಂದ ತೋರಿಸಿತು. ಬಸಿರು ನೋಡೋ ಪಟ್ಟಿ, ಕೊರೋನಾ ಪಟ್ಟಿ ಇದರ ಅಕ್ಕತಂಗಿಯರು. ಅವುಗಳಲ್ಲಿ ನೈಟ್ರೋಸೆಲ್ಯುಲೋಸ್ ಪೊರೆ ಇರುತ್ತೆ, ಅದರ ಮೇಲೆ ದ್ರವ ಹರಿದು ಗೆರೆ ಮೂಡುತ್ತೆ. ನಮ್ಮ ನೇಕಾರ ಓಣಿಯವರಿಗೆ ಖುಷಿಯಾಗೋ ಮಾತೊಂದು: ಬೆಂಗಳೂರಿನ ಅಚಿರಾ ಲ್ಯಾಬ್ಸ್‌ನಲ್ಲಿ ಧನಂಜಯ ದೆಂಡುಕೂರಿ ಮತ್ತು ಜೊತೆಯವರು ರೇಷ್ಮೆ ನೂಲಿಗೆ ಪರೀಕ್ಷೆಯ ರಾಸಾಯನಿಕ ಸವರಿ, ಮಗ್ಗದಲ್ಲೇ ನೇಯ್ದು ಪಟ್ಟಿ ಮಾಡಿದರು. 2011ರಲ್ಲಿ ಅದು ಪ್ರಕಟವಾಯಿತು. ಒಂದು ಸೀರೆಯಷ್ಟು ನೇಯ್ದರೆ ಸಾವಿರಾರು ಪಟ್ಟಿ ಕತ್ತರಿಸಬಹುದು.

ಫ್ಲೋರೈಡಿಗೆ ಹಳೆಯ, ನಂಬಬಹುದಾದ ರಸಾಯನ ಒಂದಿದೆ. ಜಿರ್ಕೋನಿಯಂ ಅನ್ನೋ ಲೋಹ ಮತ್ತು ಅಲಿಜರಿನ್ ರೆಡ್ ಎಸ್ ಅನ್ನೋ ಬಣ್ಣ ಸೇರಿದರೆ ಗುಲಾಬಿ ಕೆಂಪು. ಹುಳಿ (ಆಸಿಡ್) ಇದ್ದಾಗ ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತೆ, ಬಣ್ಣ ಹಳದಿಗೆ ತಿರುಗುತ್ತೆ. ವಾಟ್‌ಮನ್ ನಂಬರ್ 1 ಅನ್ನೋ ಸೋಸುವ ಕಾಗದ ತಗೊಳ್ಳಿ. ದಪ್ಪ 180 ಮೈಕ್ರೋಮೀಟರ್. ಮೇಣದ ಬಣ್ಣದ ಕಡ್ಡಿಯಿಂದ ಎರಡೂ ಬದಿ ಗೋಡೆ ಬರೆಯಿರಿ. ಕಾಗದದ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ. ಮೇಣ ಕರಗಿ ಆರಪಾರ ಇಳಿಯಬೇಕು. ಪಕ್ಕಕ್ಕೂ ಹರಡುತ್ತೆ, ಅದಕ್ಕೆ ಕಾಲುವೆಯನ್ನು 3 ಮಿಲಿಮೀಟರಿಗಿಂತ ಸಣ್ಣ ಮಾಡಬೇಡಿ. ಮೊದಲು ಬರೀ ಮಿಠಾಯಿ ಬಣ್ಣದ ನೀರು ಹರಿಸಿ ಸಮಯ ಬರೆದಿಟ್ಟುಕೊಳ್ಳಿ. ಕಾಗದದಲ್ಲಿ ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು ಆಗಬೇಕು. ಆಮೇಲೆ ರಾಸಾಯನಿಕ.

ಒಂದು ಎಚ್ಚರಿಕೆ. ನಮ್ಮ ಕಡೆ ಫ್ಲೋರೈಡ್ ಜಾಸ್ತಿ ಇರೋ ನೀರಲ್ಲಿ ಬೈಕಾರ್ಬೊನೇಟೂ (ಅಡುಗೆ ಸೋಡಾದಲ್ಲಿ ಇರೋದೇ) ಜಾಸ್ತಿ ಇರುತ್ತೆ. ಅದು ನಿಮ್ಮ ಹುಳಿಯನ್ನು ತಿಂದುಹಾಕುತ್ತೆ. ಹುಳಿ ಸಾಕಷ್ಟು ಇಡದಿದ್ದರೆ ಪಟ್ಟಿ ಸುಳ್ಳು ಹೇಳುತ್ತೆ.

ದಾಳಿಂಬೆ ತೋಟ, ಯಲಬುರ್ಗಾ

ತಂಗಿ ಬರೆದದ್ದು ಪೂರ್ತಿ ಓದಿದೆ. ನಾನು ರೈತ, ನಾಲ್ಕು ಎಕರೆ ದಾಳಿಂಬೆ ಇದೆ. ನನಗೆ ತಟ್ಟನೆ ನೆನಪಾದದ್ದು ಡ್ರಿಪ್. ಹೋದ ಬೇಸಿಗೆಯಲ್ಲಿ ಒಂದು ಸಾಲಿಗೆ ನೀರೇ ಬರಲಿಲ್ಲ. ಪೈಪ್ ಕೊಯ್ದು ಒಳಗಿನ ಡ್ರಿಪ್ಪರ್ ತೆಗೆದೆ. ಉಗುರಿನಷ್ಟು ಪ್ಲಾಸ್ಟಿಕ್ ತುಂಡು. ಅದರ ಮೇಲೆ ಗರಗಸದ ಹಲ್ಲಿನ ಹಾಗೆ ಆ ಕಡೆ ಈ ಕಡೆ ತಿರುಗೋ ಸಣ್ಣ ಕಾಲುವೆ. ಅದರ ತುಂಬಾ ಬಿಳಿ ಸುಣ್ಣ ಕಟ್ಟಿತ್ತು. ಆಸಿಡ್ ಬಿಟ್ಟು ತೊಳೆದ ಮೇಲೆ ಸರಿಹೋಯಿತು. ಇದೂ ಮೈಕ್ರೋಫ್ಲೂಯಿಡಿಕ್ಸೇನಮ್ಮಾ? ನಿಮ್ಮ ಚಿಪ್‌ನಲ್ಲೂ ಹೀಗೆ ಕಟ್ಟಿಕೊಳ್ಳುತ್ತಾ?

ತಮ್ಮಾ, ನೀರಿನ ಮಾದರಿ ಬೇಕಾದರೆ ನಮ್ಮ ತೋಟದ ಎರಡು ಬೋರಿನಿಂದಲೂ ತಗೊಂಡು ಹೋಗು. ಒಂದು 400 ಅಡಿ, ಇನ್ನೊಂದು 650. ಎರಡರ ರುಚಿಯೇ ಬೇರೆ.

ಭಾಗ್ಯನಗರದವಳು

ಅಣ್ಣಾ, ಒಳ್ಳೇ ಉದಾಹರಣೆ ಕೊಟ್ಟಿರಿ. ಡ್ರಿಪ್ಪರ್ ಕಾಲುವೆ ಸುಮಾರು ಒಂದು ಮಿಲಿಮೀಟರ್, ನಮ್ಮದಕ್ಕಿಂತ ದೊಡ್ಡದು, ಆದರೆ ಒಂದೇ ಮನೆತನ. ಒಂದು ವ್ಯತ್ಯಾಸ ಇದೆ. ಡ್ರಿಪ್ಪರ್‌ನಲ್ಲಿ ಆ ಹಲ್ಲುಗಳನ್ನು ಇಟ್ಟಿರೋದು ನೀರು ಡಿಕ್ಕಿ ಹೊಡೆದು ಸುಳಿ ಎದ್ದು ಒತ್ತಡ ಕಳೆದುಕೊಳ್ಳಲಿ ಅಂತ. ನಮ್ಮ ಚಿಪ್‌ನ ಅಂಕುಡೊಂಕಿನಲ್ಲಿ ಸುಳಿ ಏಳೋದಿಲ್ಲ, ಅದು ಬೆರೆಯೋಕೆ ಹೊತ್ತು ಸಿಗಲಿ ಅಂತ.

ಕಟ್ಟಿಕೊಳ್ಳೋದು ಮಾತ್ರ ಇಬ್ಬರಿಗೂ ಒಂದೇ ಸಂಕಟ. ದುಂಡು ಕೊಳವೆಯ ಅಗಲ ಅರ್ಧ ಆದರೆ ಅಷ್ಟೇ ನೀರು ದೂಡೋಕೆ 16 ಪಟ್ಟು ಒತ್ತಡ ಬೇಕು. ಹಾಗಾಗಿ ಒಂದು ಧೂಳಿನ ಕಣ, ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಕೆಲಸ ನಿಂತಹಾಗೆಯೇ. ನಾನು ಪ್ರತಿ ದ್ರವವನ್ನೂ ಸೋಸಿಯೇ ಒಳಗೆ ಬಿಡುತ್ತೇನೆ, ನೀವು ಟ್ಯಾಂಕಿನ ಹತ್ತಿರ ಫಿಲ್ಟರ್ ಇಟ್ಟ ಹಾಗೆ. ನಿಮ್ಮ ಎರಡು ಬೋರಿನ ಮಾತು ತುಂಬಾ ಬೆಲೆಯದು. ಆಳ ಬರೆದಿಟ್ಟ ಮಾದರಿ ಸಿಗೋದೇ ಕಷ್ಟ.

ಹುಡುಗನಿಗೆ: ಬಾಟಲಿ ಪ್ಲಾಸ್ಟಿಕ್‌ನದೇ ಇರಲಿ, ಗಾಜಿನದು ಬೇಡ. ಫ್ಲೋರೈಡ್ ಮಾದರಿಗೆ ಅದೇ ಪದ್ಧತಿ.

ಹನುಮಸಾಗರದ ಹುಡುಗ

ಅಕ್ಕಾ, ಅಣ್ಣಂದಿರೇ, ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸುಮ್ನೆ ಕೂತಿರಲಿಲ್ಲ, ಮಾಡುತ್ತಿದ್ದೆ.

ಶುಗರ್ ಪಟ್ಟಿ ಬಿಡಿಸಿದೆ. ಕಾಲುವೆ ಕಂಡಿತು, ಗಾಳಿ ಕಿಂಡಿಯೂ ಕಂಡಿತು. ಇನ್ನೊಂದು ಪಟ್ಟಿಯ ಕಿಂಡಿಗೆ ಸೆಲೋ ಟೇಪ್ ಅಂಟಿಸಿ ಬಣ್ಣದ ನೀರು ಮುಟ್ಟಿಸಿದೆ. ನೀರು ಬಾಯಲ್ಲೇ ನಿಂತಿತು. ಟೇಪ್ ಕಿತ್ತ ತಕ್ಷಣ ಒಳಗೆ ಓಡಿತು. ತಮ್ಮನ ಕೈಲೂ ಮಾಡಿಸಿದೆ. ಅವನು ಅದನ್ನು ನಾಲ್ಕು ಸಲ ಮಾಡಿದ.

ಕಾಗದದ್ದು ಮೊದಲ ಆರು ತುಂಡು ಸೋರಿದವು. ಮೇಣ ಕೆಳಗಿನವರೆಗೂ ಇಳಿದಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೋಡೋದು ಕಲಿತೆ. ಮೇಣ ಪೂರ್ತಿ ಇಳಿದ ಕಡೆ ಎಣ್ಣೆ ತಾಗಿದ ಹಾಗೆ ಮಿಣಕ್ ಅಂತ ಕಾಣುತ್ತೆ, ಇಳಿಯದ ಕಡೆ ಮಬ್ಬು. ಏಳನೆಯದು ನಿಂತಿತು. ಒಂದು ಸೆಂಟಿಮೀಟರ್‌ಗೆ 21 ಸೆಕೆಂಡ್. ಎರಡಕ್ಕೆ 88. ನಾಲ್ಕು ಪಟ್ಟು ಅಂದಿದ್ದಿರಿ, ಹತ್ತಿರ ಹತ್ತಿರ ಅಷ್ಟೇ. ಆದರೆ ಮೂರು ಸೆಂಟಿಮೀಟರ್‌ಗೆ ಮೂರು ನಿಮಿಷದ ಚಿಲ್ಲರೆ ಆಗಬೇಕಿತ್ತು, ಐದು ನಿಮಿಷ ದಾಟಿತು. ಮಧ್ಯಾಹ್ನ ಎರಡು ಗಂಟೆ, ತಗಡಿನ ಮನೆ. ಏನು ತಪ್ಪಿರಬಹುದು?

ಅಲಿಜರಿನ್ ಹಾಕಿದ ತುಂಡಿಗೆ ಶುದ್ಧ ನೀರಿನ ಘಟಕದ ನೀರು ಬಿಟ್ಟಾಗ ಗುಲಾಬಿ ಹಾಗೇ ಉಳಿಯಿತು. ನಾನೇ ಮಾಡಿದ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ನೀರಿಗೆ ನಡುವೆ ಹಳದಿ ಬಂತು, ಅಂಚಿನಲ್ಲಿ ಮಾತ್ರ ಕೆಂಪು ಉಂಗುರ ಉಳಿಯಿತು. ಓಣಿಯ ಬೋರ್ ನೀರು ಇನ್ನೂ ಬಿಟ್ಟಿಲ್ಲ. ಮೊದಲು ಪಟ್ಟಿಯ ಮೇಲೆ ನನಗೆ ನಂಬಿಕೆ ಬರಲಿ ಅಂತ ಕಾದಿದ್ದೇನೆ.

ಭಾಗ್ಯನಗರದವಳು

ಏಳನೇ ತುಂಡಿಗೇ ನಿಂತಿತಾ! ನನ್ನ ಕೈಗೆ ಬೇಗ ಬಂದಿರಲಿಲ್ಲ. ಬೆಳಕಿಗೆ ಹಿಡಿದು ನೋಡೋದು ತುಂಬಾ ಸರಿಯಾದ ಅಭ್ಯಾಸ, ಬಿಡಬೇಡಿ.

ಮೂರನೇ ಸೆಂಟಿಮೀಟರ್ ನಿಧಾನ ಆಗಿದ್ದು ನಿಮ್ಮ ತಪ್ಪಲ್ಲ, ಬಿಸಿಲಿನದು. ಕಾಗದ ಉದ್ದ ಆದಷ್ಟೂ ನೀರು ಮುಂದೆ ಹೋಗೋದಕ್ಕಿಂತ ಮೇಲಕ್ಕೆ ಆರೋದೇ ಜಾಸ್ತಿ ಆಗುತ್ತೆ. ಕಾಲುವೆಯ ಮೇಲೂ ಕೆಳಗೂ ಸೆಲೋ ಟೇಪ್ ಹಾಕಿ, ನೀರು ಬಿಡೋ ಬಾಯಿ ಮತ್ತು ತುದಿಯಲ್ಲಿ ಗಾಳಿ ಹೋಗೋ ಕಿಂಡಿ ಮಾತ್ರ ತೆರೆದಿಡಿ. ಬೆಳಗ್ಗೆ ಏಳಕ್ಕೂ ಮಧ್ಯಾಹ್ನ ಎರಡಕ್ಕೂ ಒಂದೇ ಹೊತ್ತು ಬರೋವರೆಗೆ ಮಾಡಿ. ಕಾಲುವೆಯನ್ನು ಒಂದೂವರೆ ಸೆಂಟಿಮೀಟರಿಗೆ ಇಳಿಸಿದರೆ ಇನ್ನೂ ಸುಲಭ.

ಅಂಚಿನ ಉಂಗುರ ಬರೋದು ಹರಿದ ನೀರು ಬಣ್ಣವನ್ನು ತನ್ನ ಜೊತೆ ದೂಡಿಕೊಂಡು ಹೋಗೋದರಿಂದ. ಬಣ್ಣವನ್ನು ಒಂದೇ ಸಲ ದೊಡ್ಡ ಹನಿಯಾಗಿ ಹಾಕದೆ ಸಣ್ಣ ಹನಿ ಮೂರು ಸಲ ಹಾಕಿ, ನಡುವೆ ಪೂರ್ತಿ ಒಣಗಿಸಿ. ಆಮೇಲೆ ಲೀಟರಿಗೆ 0, 0.5, 1, 1.5, 2, 3 ಮಿಲಿಗ್ರಾಂ ಫ್ಲೋರೈಡ್ ಇರೋ ಆರು ನೀರು ಮಾಡಿಕೊಂಡು ಪ್ರತಿಯೊಂದಕ್ಕೂ ಐದೈದು ತುಂಡು. ನಮ್ಮ ದೇಶದ ಕುಡಿಯೋ ನೀರಿನ ಮಾನಕದಲ್ಲಿ 1 ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಹಾಗಾಗಿ ನಿಮ್ಮ ಪಟ್ಟಿ 1 ಮತ್ತು 1.5ರ ನಡುವಿನ ವ್ಯತ್ಯಾಸವನ್ನು ಕಣ್ಣಿಗೆ ತೋರಿಸಲೇಬೇಕು. ಅದೇ ಆರರ ಇನ್ನೊಂದು ಸಾಲನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲೂ ಮಾಡಿ. ಬೈಕಾರ್ಬೊನೇಟ್ ಇದ್ದಾಗ ಹುಳಿ ಸಾಲುತ್ತಾ ಅಂತ ಅಲ್ಲೇ ಗೊತ್ತಾಗುತ್ತೆ.

ಫೋಟೋ ತೆಗೆಯುವಾಗ ಪಟ್ಟಿಯ ಪಕ್ಕ ಒಂದು ಬಿಳಿ ಕಾಗದ ಇಟ್ಟು, ಒಂದೇ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ನಿಮ್ಮ ಕಾಲೇಜಿನಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್ (ನೀರಿನಲ್ಲಿ ಅದ್ದಿ ಫ್ಲೋರೈಡ್ ಅಳೆಯೋ ಸಾಧನ) ಇದ್ದರೆ ಬೋರ್ ನೀರಿನ ಪ್ರತಿ ಬಾಟಲಿಯನ್ನೂ ಅದರಲ್ಲೂ ಅಳೆದು, ಎರಡು ಸಂಖ್ಯೆಯನ್ನೂ ಅಕ್ಕಪಕ್ಕ ಬರೆಯಿರಿ. ಇಲ್ಲದಿದ್ದರೆ ಮಾದರಿಗಳನ್ನು ನನಗೆ ಕಳಿಸಿ, ನಮ್ಮ ಲ್ಯಾಬಿನಲ್ಲಿ ಅಳೆದು ಕೊಡುತ್ತೇನೆ. ಬಾಟಲಿ ಮೇಲೆ ಬೋರಿನ ಆಳ, ತೆಗೆದ ದಿನ, ಓಣಿಯ ಹೆಸರು ಇರಲಿ. ಯಲಬುರ್ಗಾದ ಅಣ್ಣನ ಎರಡು ಬೋರನ್ನೂ ಸೇರಿಸಿ. ಮುಂಗಾರಿಗೆ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಇನ್ನೊಂದು ಸಲ ಅದೇ ಬೋರಿನಿಂದ ತೆಗೆಯಿರಿ.